ಬೀನ್ಸ್ ಸಸಿಯನ್ನು ಹೊರಗೆ ನೆಡೋದು ಯಾವಾಗ?

ಮಕ್ಕಳೇ, ಒಂದು ಪ್ರಶ್ನೆ. ನಡುಹಗಲು ಸ್ವೆಟರ್ ಬಿಚ್ಚಿಡುವಷ್ಟು ಒಳ್ಳೆ ಬಿಸಿಲು. ಅದೇ ದಿನ ರಾತ್ರಿ, ಅದೇ ಜಾಗದಲ್ಲಿ, ಗಿಡ ಚಳಿಗೆ ಸಾಯಬಹುದೇ? ಸಾಯಬಹುದು. ಹಾಗೆ 24 ಬೀನ್ಸ್ ಸಸಿಗಳನ್ನು ನಾನೇ ಕೈಯಾರೆ ಕಳೆದಿದ್ದೇನೆ.

ನಾನು ತಾಳವಾಡಿ ಕಡೆಯ ಮೇಷ್ಟ್ರು. ನನ್ನ ಅಕ್ಕನನ್ನು ಊಟಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಭಾವ ಅಲ್ಲಿ ಆಲೂಗಡ್ಡೆ, ಕ್ಯಾರೆಟ್, ಬಟಾಣಿ, ಬೀನ್ಸ್ ಬೆಳೆಯುತ್ತಾರೆ. ಒಂದು ವರ್ಷ ಪೊಂಗಲ್ ರಜೆಗೆ ಹೋಗುವಾಗ, ತರಗತಿಯ ಮಕ್ಕಳು ಕಾಗದದ ಲೋಟಗಳಲ್ಲಿ ಮೊಳೆಸಿದ್ದ ಬೀನ್ಸ್ ಸಸಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.

"ಈಗ್ಲೇ ಬೇಡ ಕಣಯ್ಯಾ, ಚಳಿ ಇನ್ನೂ ಹೋಗಿಲ್ಲ" ಅಂದರು ಭಾವ.

"ಬಿಸ್ಲು ಇಷ್ಟು ಚೆನ್ನಾಗಿದೆಯಲ್ಲ ಭಾವ" ಅಂದೆ. ಮನೆಯ ಕೆಳಗೆ, ಹಳ್ಳದ ಪಕ್ಕದ ತಗ್ಗಿನಲ್ಲಿ ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ಅಲ್ಲೇ ನೆಟ್ಟೆ.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲೆಲ್ಲ ಸಕ್ಕರೆ ಎರಚಿದ ಹಾಗೆ ಬೆಳ್ಳಗಿತ್ತು. ಬಿಸಿಲೇರಿದ ಮೇಲೆ ನನ್ನ ಸಸಿಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಪಕ್ಕದ ಮಡಿಯ ಎಳೆ ಬಟಾಣಿ ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು.

ರಜೆ ಮುಗಿಸಿ ಶಾಲೆಗೆ ಬಂದಾಗ ಮಕ್ಕಳು ಕೇಳಿದ ಮೊದಲ ಮಾತು, "ಸಾರ್, ನಮ್ ಗಿಡ ಹೆಂಗವೆ?" ಸತ್ತುಹೋದವು ಅಂತ ಹೇಳಬೇಕಾಯಿತು. "ಯಾಕೆ ಸಾರ್?" ಅಂದರು. ಆ "ಯಾಕೆ"ಗೆ ಉತ್ತರ ಇಲ್ಲಿದೆ.

ಆ ಬಿಳಿ ಪುಡಿ ಏನು?

ಅದು ಹಿಮ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಎಲೆಯ ಮೇಲೆ ಹರಳಾಗಿ ಕೂರುತ್ತದೆ. ತಮಿಳಿನಲ್ಲಿ ಇದನ್ನು ಉರೈಪನಿ ಎನ್ನುತ್ತಾರೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೆ ಹೋದಂತೆ ಗಾಳಿ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಹಾಗಾಗಿ ಕಾಸರಗೋಡಿನ ಮಕ್ಕಳು ಮನೆಯಂಗಳದಲ್ಲಿ ಎಂದೂ ಕಾಣದ ಹಿಮವನ್ನು ಊಟಿಯ ಮಕ್ಕಳು ಚಳಿಗಾಲದಲ್ಲಿ ಹಲವು ಸಲ ನೋಡುತ್ತಾರೆ.

ಹಗಲಿನಲ್ಲಿ ಸೂರ್ಯನಿಂದ ಪಡೆದ ಶಾಖವನ್ನು ನೆಲವೂ ಎಲೆಯೂ ರಾತ್ರಿಯಿಡೀ ಆಕಾಶಕ್ಕೆ ಬಿಟ್ಟುಕೊಡುತ್ತವೆ. ಮೋಡ ಇದ್ದರೆ ಅದು ಕಂಬಳಿಯಂತೆ ಆ ಶಾಖದ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಆಕಾಶ ಶುಭ್ರವಾಗಿ, ಗಾಳಿ ಅಲುಗಾಡದೆ ಇದ್ದರೆ ಕಂಬಳಿಯೇ ಇಲ್ಲ. ಆಗ ಎಲೆ ತನ್ನ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ನಮ್ಮ ತಲೆಯೆತ್ತರದಲ್ಲಿ ತೂಗುಹಾಕಿದ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿರುವಾಗ ಹುಲ್ಲಿನ ಮೇಲೆ ಸೊನ್ನೆ ಇರಬಹುದು. ಎಲ್ಲಕ್ಕಿಂತ ಹೆಚ್ಚು ಚಳಿ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ.

ಇನ್ನೊಂದು ಸಂಗತಿ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಾನು ಮಣ್ಣಿನ ಬಣ್ಣ ನೋಡಿ ಆರಿಸಿದ್ದು ಸರಿಯಾಗಿ ಅಂಥ ತಗ್ಗನ್ನೇ!

ಬೀನ್ಸ್ ಸತ್ತಿತು, ಬಟಾಣಿ ಉಳಿಯಿತು

ಎರಡೂ ದ್ವಿದಳ ಸಸ್ಯ, ಒಂದೇ ಕುಟುಂಬ. ಆದರೆ ತವರು ಬೇರೆ. ನಾವು ಹುರುಳಿಕಾಯಿ ಅಂತಲೂ ಕರೆಯುವ ಬೀನ್ಸ್ ಮೆಕ್ಸಿಕೊ ಮತ್ತು ಆಂಡಿಸ್ ಪರ್ವತ ಸೀಮೆಯದು. ಅಲ್ಲಿಯೂ ಅದು ಹಿಮ ಬೀಳದ ದಿನಗಳಲ್ಲಿ ಬೆಳೆಯುವ ಗಿಡ. ಬಟಾಣಿಯ ತವರು ಪಶ್ಚಿಮ ಏಷ್ಯಾ ಮತ್ತು ಮೆಡಿಟರೇನಿಯನ್ ಸೀಮೆ. ಅಲ್ಲಿ ಅದು ಚಳಿಗಾಲದಲ್ಲೇ ಬೆಳೆಯುತ್ತದೆ. ಚಳಿ ನಿಧಾನವಾಗಿ ಹೆಚ್ಚುತ್ತ ಬಂದರೆ ಬಟಾಣಿಯ ಜೀವಕೋಶಗಳಲ್ಲಿ ಸಕ್ಕರೆಯಂಥ ವಸ್ತುಗಳು ಕೂಡಿಕೊಂಡು ಅದನ್ನು ಕಾಯುತ್ತವೆ. ಹೂ ಬಿಟ್ಟ ಮೇಲೆ ಮಾತ್ರ ಅದಕ್ಕೂ ಹಿಮದ ಪೆಟ್ಟು ತಗಲುತ್ತದೆ.

ಬೀನ್ಸ್‌ಗೆ ಈ ರಕ್ಷಣೆ ಇಲ್ಲ. ಎಲೆಯೊಳಗೆ ಜೀವಕೋಶಗಳ ನಡುವೆ ಮೊದಲು ಮಂಜುಗಡ್ಡೆ ಕಟ್ಟುತ್ತದೆ. ಅದು ಜೀವಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೋಶಪೊರೆ ಹಾಳಾಗುತ್ತದೆ. ಬಿಸಿಲಿಗೆ ಮಂಜುಗಡ್ಡೆ ಕರಗಿದಾಗ ನೀರು ಸೋರಿಹೋಗಿ ಎಲೆ ಜೋತುಬೀಳುತ್ತದೆ.

ಸಸಿ ಮೇಲೇಳುವ ರೀತಿಯೂ ಬೇರೆ. ಬೀನ್ಸ್ ಮೊಳೆತಾಗ ಕಾಂಡ ಬಿಲ್ಲಿನಂತೆ ಬಾಗಿ ಎರಡೂ ಬೀಜದಳಗಳನ್ನು ಮಣ್ಣಿನಿಂದ ಮೇಲೆತ್ತುತ್ತದೆ. ಚಿಗುರಬಲ್ಲ ಮೊಗ್ಗುಗಳೆಲ್ಲ ಬೀಜದಳದ ಕಂಕುಳಲ್ಲಿ ಮತ್ತು ಅದಕ್ಕಿಂತ ಮೇಲೆ ಇರುತ್ತವೆ, ಅಂದರೆ ಹಿಮದ ಬಾಯಿಯಲ್ಲೇ. ಬಟಾಣಿ ಬೀಜದಳಗಳನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನು ಮಾತ್ರ ಮೇಲೆ ಕಳಿಸುತ್ತದೆ. ಮೇಲಿನದು ಸುಟ್ಟುಹೋದರೂ ಮಣ್ಣೊಳಗಿನ ಮೊಗ್ಗಿನಿಂದ ಮತ್ತೆ ಚಿಗುರಬಲ್ಲದು. ಬೀನ್ಸ್‌ಗೆ ಆ ಎರಡನೆಯ ಅವಕಾಶ ಇಲ್ಲ.

ಹಿಮ ಬೀಳದಿದ್ದರೆ ಸಾಕೇ?

ಸಾಲದು. ಸುಮಾರು 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬೀನ್ಸ್‌ನ ಬೇರು ನೀರನ್ನು ಸರಿಯಾಗಿ ಹೀರಲಾರದು. ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡುತ್ತದೆ. ನೀರು ಕಡಿಮೆಯಾಯಿತೇನೋ ಅಂತ ಇನ್ನೊಂದು ಬಿಂದಿಗೆ ಸುರಿದರೆ ಬೇರು ಕೊಳೆಯುತ್ತದೆ. ತಣ್ಣನೆಯ ಮಣ್ಣಿಗೆ ಬೀಜ ಹಾಕಿದರೂ ಅಷ್ಟೇ, ಮೊಳೆಯುವ ಮೊದಲೇ ಕೊಳೆಯುವುದು ಹೆಚ್ಚು.

ಹಾಗಾದರೆ ಯಾವಾಗ?

ನೀಲಗಿರಿಯ ಎತ್ತರದಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ಒಳ್ಳೆಯ ಕಾಲ. ಪೊದೆ ಬೀನ್ಸ್ ಬಿತ್ತಿದ ಸುಮಾರು 50ರಿಂದ 60 ದಿನಕ್ಕೆ ಕಾಯಿ ಕೊಡಲು ಶುರುಮಾಡುತ್ತದೆ. ಜೂನಿನ ಮಳೆ ಹಿಡಿಯುವುದರೊಳಗೆ ಕೊಯ್ಲು ಸಿಗುತ್ತದೆ. ಆದರೆ ಎಲ್ಲ ವರ್ಷವೂ ಒಂದೇ ಥರ ಇರುವುದಿಲ್ಲ. ಎದುರುಬದುರು ಇಬ್ಬರ ತೋಟವೂ ಒಂದೇ ಥರ ಇರುವುದಿಲ್ಲ. ಅದಕ್ಕೇ ತಾರೀಕಿನ ಜೊತೆಗೆ ಈ ಮೂರನ್ನೂ ನೋಡಬೇಕು.

1. ಬೆಳಗಿನ ಜಾವದ ಉಷ್ಣತೆ. ನೆಡುವ ಜಾಗದಲ್ಲೇ, ನೆಲದ ಹತ್ತಿರ ಅಳೆಯಿರಿ. ಒಂದು ವಾರ ಸತತವಾಗಿ 10 ಡಿಗ್ರಿಯ ಆಸುಪಾಸಿನಲ್ಲೋ ಮೇಲೋ ಇರಬೇಕು.

2. ಮಣ್ಣಿನ ಉಷ್ಣತೆ. ಬೆಳಿಗ್ಗೆ ಐದು ಸೆಂಟಿಮೀಟರ್ ಆಳದಲ್ಲಿ ಸುಮಾರು 15 ಡಿಗ್ರಿ ಇರಬೇಕು.

3. ಸಸಿಯ ವಯಸ್ಸು. ಮೊದಲ ಜೋಡಿ ಎಲೆ ಅಗಲವಾಗಿ, ಮೂರು ಎಲೆಯ ಗೊಂಚಲು ಇಣುಕುವಾಗ ನೆಡಿ. ತಡವಾದರೆ ಬೇರು ಲೋಟದಲ್ಲಿ ಸುತ್ತಿಕೊಳ್ಳುತ್ತದೆ.

ಒಳಗೆ ಬೆಚ್ಚಗೆ ಬೆಳೆದ ಸಸಿಯನ್ನು ಒಂದೇ ಸಲಕ್ಕೆ ಹೊರಗೆ ಹಾಕಬೇಡಿ. ಒಂದು ವಾರ ರೂಢಿ ಮಾಡಿಸಿ. ಮೊದಲ ದಿನ ಎರಡು ಗಂಟೆ ನೆರಳಲ್ಲಿ, ಆಮೇಲೆ ಸ್ವಲ್ಪ ಬಿಸಿಲಲ್ಲಿ, ಕೊನೆಗೆ ರಾತ್ರಿಯೂ ಹೊರಗೆ. ಬೀನ್ಸ್ ಬೇರು ಕೆದಕಿದರೆ ಸೊರಗುತ್ತದೆ. ಲೋಟವನ್ನು ನಿಧಾನವಾಗಿ ಹರಿದು, ಮಣ್ಣಿನ ಮುದ್ದೆ ಒಡೆಯದ ಹಾಗೆ ಗುಂಡಿಗೆ ಇಳಿಸಿ. ನೆಟ್ಟ ಮೇಲೂ ಆಕಾಶ ಶುಭ್ರವಾಗಿ ಚಳಿ ಏರುವ ಸೂಚನೆ ಕಂಡರೆ ಸಂಜೆಯೇ ಹಳೆಯ ಗೋಣಿಚೀಲ ಹೊದಿಸಿ, ಬೆಳಿಗ್ಗೆ ತೆಗೆಯಿರಿ.

ಬೇಗ ನೆಟ್ಟರೆ ಬೇಗ ಕಾಯಿ ಬರುತ್ತದೆ ಅನ್ನುವುದು ನಮ್ಮ ಆಸೆ ಅಷ್ಟೇ. ತಣ್ಣನೆಯ ಮಣ್ಣಿನಲ್ಲಿ ನೆಟ್ಟ ಸಸಿ ಬದುಕಿದರೂ ಬೆಳೆಯದೆ ನಿಲ್ಲುತ್ತದೆ. ಎರಡು ವಾರ ತಡವಾಗಿ ಬೆಚ್ಚನೆಯ ಮಣ್ಣಿಗೆ ಬಿದ್ದದ್ದು ಎಷ್ಟೋ ಸಲ ಅದನ್ನು ಹಿಂದೆ ಹಾಕುತ್ತದೆ.

ಮರುವರ್ಷ ನಮ್ಮ ತರಗತಿ ಮತ್ತೆ 24 ಸಸಿ ಬೆಳೆಸಿತು. ಈ ಸಲ ಮಾರ್ಚ್‌ನಲ್ಲಿ ಹೋದೆ. ಜಾಗ ಆರಿಸಿದ್ದು ಭಾವ, ಮನೆಯ ಮೇಲಿನ ಇಳಿಜಾರಿನಲ್ಲಿ. ಮೂರು ಸಸಿ ಹೋದವು, 21 ಉಳಿದವು. ಮೇ ತಿಂಗಳಲ್ಲಿ ಅಕ್ಕ ಒಂದು ಚೀಲ ಬೀನ್ಸ್ ಕಳಿಸಿದಳು.

ಮಾಡಿ ನೋಡಿ

ಇದಕ್ಕೆ ಊಟಿಯ ಚಳಿ ಬೇಡ, ನಿಮ್ಮ ಶಾಲೆಯಲ್ಲೇ ಮಾಡಬಹುದು.

ನಾಲ್ಕು ಬೀನ್ಸ್ ಬೀಜ, ನಾಲ್ಕು ಬಟಾಣಿ ಬೀಜ ತೆಗೆದುಕೊಳ್ಳಿ. ಬೇರೆ ಬೇರೆ ಲೋಟಗಳಲ್ಲಿ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಸಸಿಗಳು ಬೆರಳುದ್ದ ಆದ ಮೇಲೆ, ಗುರುಗಳ ಎದುರಿನಲ್ಲಿ, ಬೀನ್ಸ್ ಸಸಿಗಳನ್ನು ಬೀಜದಳಗಳ ಕೆಳಗೆ ಕತ್ತರಿಸಿ. ಬಟಾಣಿಯನ್ನು ಮಣ್ಣಿನ ಮಟ್ಟದಲ್ಲಿ ಕತ್ತರಿಸಿ. ಎರಡು ವಾರ ಹದವಾಗಿ ನೀರು ಹಾಕುತ್ತ ದಿನಾ ನೋಡಿ. ಯಾವುದು ಮತ್ತೆ ಚಿಗುರಿತು? ಎಲ್ಲಿಂದ ಚಿಗುರಿತು? ಚಿತ್ರ ಬರೆದು ತರಗತಿಯ ಗೋಡೆಗೆ ಹಚ್ಚಿ.