ಭಾಗ್ಯ ಬಂದರೆ ಆರೋಗ್ಯ ಬರುತ್ತದೆಯೆ?

'ಆರೋಗ್ಯವೇ ಭಾಗ್ಯ' ಅಂದವರು ನಮ್ಮ ಹಿರಿಯರು. ಇಂದಿನ ಲೆಕ್ಕಿಗರು ಅದನ್ನು ತಿರುವಿ ಹಾಕುತ್ತಾರೆ: ಮೊದಲು ಭಾಗ್ಯ ಬರಲಿ, ಆರೋಗ್ಯ ಅದರ ಬೆನ್ನು ಹತ್ತಿ ತಾನೇ ಬರುತ್ತದೆ ಅಂತ. ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ, ನಾವಿರುವ ಪುಣೆಯೇ ಸಾಕು.

ಪಿಂಪ್ರಿ-ಚಿಂಚವಡದ ಕಾರ್ಖಾನೆಗಳು, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳು ಕೆಲಸ ಕೊಟ್ಟವು, ಜನ ಬಂದರು, ಊರು ಸುತ್ತಲಿನ ಹಳ್ಳಿಗಳ ಮೇಲೆ ಹರಡಿತು. ಸಿಂಹಗಡ ರಸ್ತೆಯ ಕಡೆಯ ನಾಂದೇಡ, ಕಿರ್ಕಟವಾಡಿ ಸೇರಿದಂತೆ 23 ಹಳ್ಳಿಗಳು 2021ರಲ್ಲಿ ಮಹಾನಗರಪಾಲಿಕೆಗೆ ಸೇರಿದವು. ಎತ್ತರದ ಕಟ್ಟಡಗಳು ಬೇಗ ಎದ್ದವು. ಶುದ್ಧ ನೀರಿನ ಕೊಳವೆ, ಗಟಾರುಗಳು ಅಷ್ಟು ಬೇಗ ಬರಲಿಲ್ಲ. ಖಡಕವಾಸಲಾ ಆಣೆಕಟ್ಟು ಹತ್ತಿರದಲ್ಲೇ ಇದ್ದರೂ ಅನೇಕರಿಗೆ ಬಾವಿಯ ನೀರು, ಟ್ಯಾಂಕರಿನ ನೀರೇ ಗತಿ.

2025ರ ಜನವರಿಯಲ್ಲಿ ಈ ಭಾಗದಿಂದ ರೋಗಿಗಳು ಆಸ್ಪತ್ರೆಗೆ ಬರತೊಡಗಿದರು. ಮೊದಲು ಭೇದಿ, ಆಮೇಲೆ ಕೈಕಾಲಿನ ಶಕ್ತಿಯೇ ಉಡುಗುವುದು. ರೋಗದ ಹೆಸರು ಗಿಲನ್ ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್. ಹಲವರ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ ಸಿಕ್ಕಿತು. ಹೊಲಸು ನೀರು, ಸರಿಯಾಗಿ ಬೇಯದ ಕೋಳಿಮಾಂಸದಿಂದ ಹೊಟ್ಟೆ ಸೇರುವಂಥದು ಇದು. ಇದರ ಹೊರಮೈ ನಮ್ಮ ನರಗಳ ಮೇಲ್ಮೈಯನ್ನು ಹೋಲುತ್ತದೆ. ಹೀಗಾಗಿ ರೋಗಾಣುವಿನ ಮೇಲೆ ಹೊರಟ ದೇಹದ ಸೈನ್ಯ ಕೆಲವರಲ್ಲಿ ಸ್ವಂತ ನರಗಳ ಮೇಲೇ ಬೀಳುತ್ತದೆ. ರೋಗಿಗಳ ಸಂಖ್ಯೆ ಇನ್ನೂರು ದಾಟಿತು, ಕೆಲವರು ತೀರಿಕೊಂಡರು.

ಈಗ ಲೆಕ್ಕ ಹಾಕಿ ನೋಡ್ರಿ. ಇದಕ್ಕೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಸೀಸೆಯೊಂದಕ್ಕೆ ಸಾವಿರಾರು ರೂಪಾಯಿ, ಒಬ್ಬರಿಗೇ ಹಲವು ಸೀಸೆ ಬೇಕು. ನೀರಿಗೆ ಹಾಕುವ ಕ್ಲೋರಿನ್ನಿಗೆ ಪೈಸೆಗಳ ಖರ್ಚು. ವಿಚಿತ್ರವೆಂದರೆ ಆಸ್ಪತ್ರೆಯ ಬಿಲ್ಲು ಕೂಡ ರಾಷ್ಟ್ರೀಯ ಆದಾಯದಲ್ಲಿ ಬೆಳವಣಿಗೆ ಅಂತಲೇ ಜಮಾ ಆಗುತ್ತದೆ. ತಡೆದ ರೋಗಕ್ಕೆ ಅಲ್ಲಿ ಖಾತೆಯೇ ಇಲ್ಲ!

ಜನಸಂಖ್ಯಾಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ 1975ರಲ್ಲೇ ಇದನ್ನು ಅಳೆದು ತೋರಿಸಿದ್ದ. 1930ರ ದಶಕದಿಂದ 1960ರ ದಶಕದವರೆಗೆ ಜಗತ್ತಿನಲ್ಲಿ ಆಯುಷ್ಯ ಹೆಚ್ಚಿದ್ದರಲ್ಲಿ ಆದಾಯದ ಪಾಲು ನೂರಕ್ಕೆ 10ರಿಂದ 25 ಮಾತ್ರ. ಆಗಿನ ಕೇರಳವನ್ನೇ ನೋಡಿ: ತಲಾ ಆದಾಯ ಮಹಾರಾಷ್ಟ್ರಕ್ಕಿಂತ ಕಡಿಮೆ, ಶಿಶುಮರಣವೂ ಕಡಿಮೆ. ಶಾಲೆ, ಲಸಿಕೆ, ಹತ್ತಿರದ ದವಾಖಾನೆ ಅಲ್ಲಿ ಕೆಲಸ ಮಾಡಿದ್ದವು.

ಹಾಗಂತ ದುಡ್ಡು ಬೇಡ ಅನ್ನುವುದಿಲ್ಲ. ಕೊಳವೆ ಹಾಕಲೂ ದುಡ್ಡೇ ಬೇಕು. ಆದರೆ ದುಡ್ಡು ಆರೋಗ್ಯವಾಗಬೇಕಾದರೆ ಎಲ್ಲರಿಗೂ ಸೇರಿದ ನಳ, ಗಟಾರು, ದವಾಖಾನೆಗಳ ಮೂಲಕವೇ ಹಾಯಬೇಕು ಎಂಬುದು ನನ್ನ ಅಭಿಪ್ರಾಯ. ಇದ್ದವರು ಮನೆಗೊಂದು ಫಿಲ್ಟರ್ ಕೊಂಡಾರು; ಬೀದಿಯ ಚಹಾದಂಗಡಿಯ ನೀರನ್ನು ಯಾರು ಸೋಸುತ್ತಾರೆ? ಖೋಲಿ ಹಿಡಿಯುವಾಗ ಬಾಡಿಗೆ ಎಷ್ಟು ಅಂತ ಕೇಳುವ ನಾವು, ನೀರು ಎಲ್ಲಿಂದ ಬರುತ್ತದೆ ಅಂತಲೂ ಕೇಳೋಣ. ಮಾಲಕರನ್ನಷ್ಟೇ ಅಲ್ಲ, ಪಾಲಿಕೆಯನ್ನೂ ಕೇಳೋಣ.