‘ನನ್ನ ಗಣಕದಲ್ಲಿ ನಡೆಯುತ್ತದಲ್ಲ!’

ರೊಟ್ಟಿ ಮಾಡುವ ವಿಧಾನ ಬರೆದುಕೊಡುವವರು ‘ಹಂಚು ಕಾಯಿಸಿ’ ಎನ್ನುತ್ತಾರೆಯೇ ಹೊರತು, ‘ನಮ್ಮ ಅಡುಗೆಮನೆಯ ಎಡಗಡೆ ಮಾಡದಲ್ಲಿರುವ ಹಂಚು ತನ್ನಿ’ ಎನ್ನುವುದಿಲ್ಲ. ಹಂಚು ಎಲ್ಲರ ಮನೆಯಲ್ಲೂ ಇದೆ; ಇಟ್ಟ ಜಾಗ ಮಾತ್ರ ಬೇರೆ ಬೇರೆ. ಇಷ್ಟು ಸರಳವಾದ ಸಂಗತಿಯನ್ನು ಗಣಕದ ಮುಂದೆ ಕುಳಿತಾಗ ಮರೆಯುವವರು ಬಹಳ.

ರೋಣ ತಾಲ್ಲೂಕಿನ ಸವಡಿಯಿಂದ ಇಂಜಿನಿಯರಿಂಗ್ ಓದಲು ಹೋದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ವರ ತಂಡ. ಮೊಬೈಲಿನಲ್ಲಿ ಜೋಳ, ಕಡಲೆಯ ಧಾರಣೆ ತೋರಿಸುವ ತಂತ್ರಾಂಶ ಅವರದು. ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿ. ಪರೀಕ್ಷಕರೆದುರು ಕಾಲೇಜಿನ ಗಣಕದಲ್ಲಿ ಚಾಲನೆ ಕೊಟ್ಟರೆ ‘ಜಾವಾ ಇರುವ ಜಾಗ ತಪ್ಪು’ ಎಂಬ ಉತ್ತರ! ವರ್ಷದ ದುಡಿಮೆ ಒಂದು ಸಾಲಿಗೆ ಸಿಕ್ಕಿಕೊಂಡಿತು.

ಆ ಸಾಲು ಬಂದದ್ದು ಎಲ್ಲಿಂದ? ಬರೆದ ಪ್ರೋಗ್ರಾಮನ್ನು ಚಾಲನೆಗೆ ಯೋಗ್ಯವಾಗಿ ಜೋಡಿಸುವುದಕ್ಕೆ ‘ಬಿಲ್ಡ್’ ಎನ್ನುತ್ತಾರೆ. ಈ ಕೆಲಸಕ್ಕೆಂದೇ 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಸಾಧನ ರೂಪಿಸಿದರು. ಆಂಡ್ರಾಯ್ಡ್ ತಂತ್ರಾಂಶಗಳಿಗೆ ಇಂದು ‘ಗ್ರೇಡಲ್’ ಬಳಕೆಯಲ್ಲಿದೆ. ಅದಕ್ಕೆ ಬೇಕಾದ ಸೂಚನೆಗಳ ಕಡತವನ್ನು ತಂಡದವರೆಲ್ಲ ಹಂಚಿಕೊಳ್ಳುತ್ತಾರೆ. ಗಣಕದಲ್ಲಿ ಎರಡು ಜಾವಾ ಇದ್ದು ಗೊಂದಲವಾದಾಗ, ‘ಸಿ ಡ್ರೈವಿನ ಇಂಥ ಫೋಲ್ಡರಿನ ಜಾವಾ ಬಳಸು’ ಎಂದು ಒಬ್ಬರು ಅದರಲ್ಲಿ ಬರೆದುಬಿಡುತ್ತಾರೆ. ಅವರ ತೊಂದರೆ ನೀಗಿತು, ಉಳಿದವರದು ಶುರುವಾಯಿತು. ಲಿನಕ್ಸ್ ಗಣಕದಲ್ಲಿ ‘ಸಿ ಡ್ರೈವ್’ ಎಂಬುದೇ ಇಲ್ಲ!

ಪರಿಹಾರ ಕಷ್ಟದ್ದಲ್ಲ. ‘ಯಾವುದು ಬೇಕು’ ಎಂಬುದು ಎಲ್ಲರ ಕಡತದಲ್ಲಿರಲಿ. ‘ಎಲ್ಲಿದೆ’ ಎಂಬುದು ಅವರವರ ಗಣಕದಲ್ಲಿರಲಿ. ‘ಜಾವಾ 17 ಬೇಕು’ ಎಂದು ಹಂಚಿಕೆಯ ಕಡತದಲ್ಲಿ ಬರೆಯಬಹುದು. ಜಾವಾದ ಜಾಗವನ್ನು ‘ಜಾವಾ ಹೋಮ್’ ಎಂಬ ಹೆಸರಿನಲ್ಲಿ ಗಣಕದ ಸೆಟ್ಟಿಂಗಿನಲ್ಲೋ, ಬಳಕೆದಾರರ ಸ್ವಂತ ಫೋಲ್ಡರಿನ ಗ್ರೇಡಲ್ ಕಡತದಲ್ಲೋ ಇಡಬೇಕು. ಆಂಡ್ರಾಯ್ಡ್ ಸ್ಟುಡಿಯೋ ತನ್ನ ಸಲಕರಣೆಗಳ ಜಾಗವನ್ನು ‘ಲೋಕಲ್ ಪ್ರಾಪರ್ಟೀಸ್’ ಎಂಬ ಬೇರೆ ಕಡತದಲ್ಲಿ ಬರೆಯುವುದೂ ಇದಕ್ಕಾಗಿಯೇ. ಇದನ್ನು ಹಂಚಿಕೊಳ್ಳಬೇಡಿ ಎಂಬ ಎಚ್ಚರಿಕೆ ಆ ಕಡತದ ತಲೆಯ ಮೇಲೇ ಇರುತ್ತದೆ.

ಇನ್ನೊಂದು ಮಾತು. ಬದಲಾವಣೆಗಳ ಲೆಕ್ಕವಿಡುವ ‘ಗಿಟ್’ಗೆ ಒಮ್ಮೆ ಸೇರಿಸಿದ ಕಡತವನ್ನು ಆಮೇಲೆ ‘ಬಿಟ್ಟುಬಿಡು’ ಪಟ್ಟಿಗೆ ಹಾಕಿದರೆ ಸಾಲದು. ಅದನ್ನು ಗಿಟ್‌ನ ಲೆಕ್ಕದಿಂದಲೇ ತೆಗೆಯಬೇಕು. ತೆಗೆದರೂ ಹಳೆಯ ಪ್ರತಿಗಳಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ಮೊದಲ ದಿನವೇ ಎಚ್ಚರ ಒಳ್ಳೆಯದು.

ತಂದೆತಾಯಿಗಳಿಗೂ ಇಲ್ಲಿ ಒಂದು ಕಿವಿಮಾತಿದೆ. ಇಂಥ ತೊಂದರೆ ಹೊಸ ಲ್ಯಾಪ್‌ಟಾಪ್ ಕೊಡಿಸಿದರೆ ಹೋಗುವುದಿಲ್ಲ. ‘ನಿನ್ನ ಪ್ರಾಜೆಕ್ಟು ಗೆಳತಿಯ ಗಣಕದಲ್ಲಿ ನಡೆಯಿತೇ?’ ಎಂದು ಕೇಳಿ. ಅದನ್ನು ತಿಳಿಯಲು ಪರೀಕ್ಷೆಗೆ ಎರಡು ವಾರ ಮುಂಚೆ, ಪ್ರಾಜೆಕ್ಟನ್ನು ಎಂದೂ ಕಾಣದ ಗಣಕಕ್ಕೆ ಹೊಸದಾಗಿ ಇಳಿಸಿಕೊಂಡು ಬಿಲ್ಡ್ ಮಾಡಿ ನೋಡಬೇಕು. ತಪ್ಪಿದ್ದರೆ ಅಲ್ಲೇ ಕಾಣಿಸುತ್ತದೆ, ತಿದ್ದಿಕೊಳ್ಳಲು ಸಮಯವೂ ಇರುತ್ತದೆ. ನಾಳೆ ಕೆಲಸಕ್ಕೆ ಸೇರಿದಾಗ ನಾಲ್ವರ ಜಾಗದಲ್ಲಿ ನಾನೂರು ಜನ ಅದೇ ಕಡತವನ್ನು ಬಳಸುವುದುಂಟು.