ಪೆನುಕೊಂಡದ ಗಾಡಿ, ಗಡಿನಾಡಿನ ಲೆಕ್ಕ

2020ರ ಆಗಸ್ಟ್ ತಿಂಗಳ ಮೊದಲ ವಾರದ ಒಂದು ರಾತ್ರಿ ಕಲ್ಯಾಣದುರ್ಗದ ಬಳಿಯ ನಮ್ಮ ಊರಿನಿಂದ ದೂರವಾಣಿ ಕರೆ ಬಂದಾಗ ಹಿಂದೂಪುರದ ನನ್ನ ಮನೆಯ ಮುಂದೆ ವಾಹನವಿರಲಿಲ್ಲ. ಹನ್ನೆರಡು ವರ್ಷ ದುಡಿದ ಹಳೆಯ ಸಣ್ಣ ಕಾರನ್ನು ಫೆಬ್ರವರಿಯಲ್ಲಿ ಮಾರಿದ್ದೆ. ಬೇಸಿಗೆಯ ರಜೆಯಲ್ಲಿ ಹೊಸದನ್ನು ಕೊಂಡರಾಯಿತೆಂದು ಎಣಿಸಿದ್ದೆ. ಬೇಸಿಗೆಗೆ ಮುನ್ನವೇ ಲಾಕ್‌ಡೌನ್ ಬಂದಿತು; ನ್ಯಾಯಾಲಯಗಳ ಕಲಾಪ ನಿಂತಿತು; ಕಕ್ಷಿದಾರರು ಬರುವುದು ನಿಂತಿತು. ತಾಯಿಯವರಿಗೆ ಎದೆನೋವೆಂದು ತಿಳಿದ ಆ ರಾತ್ರಿ ಸಹೋದ್ಯೋಗಿ ವಕೀಲರೊಬ್ಬರನ್ನು ನಿದ್ದೆಯಿಂದ ಎಬ್ಬಿಸಿ, ಅವರ ಕಾರನ್ನು ಬೇಡಿ ಪಡೆದು, ಪಾವಗಡದ ಮಾರ್ಗವಾಗಿ ಹೊರಟೆ.

ಈ ಪತ್ರಿಕೆಯ ಓದುಗರಿಗೆ ಆ ಮಾರ್ಗವನ್ನು ಬಣ್ಣಿಸಬೇಕಾಗಿಲ್ಲ. ಹಿಂದೂಪುರವೂ ಆಂಧ್ರ, ಕಲ್ಯಾಣದುರ್ಗವೂ ಆಂಧ್ರ. ಆಗ ಎರಡೂ ಅನಂತಪುರ ಜಿಲ್ಲೆಯವೇ ಆಗಿದ್ದವು. ಆದರೆ ನಡುವೆ ಪಾವಗಡ ತಾಲ್ಲೂಕು ಕರ್ನಾಟಕದ ತೋಳಿನಂತೆ ಚಾಚಿಕೊಂಡಿದೆ. ನೂರು ಕಿಲೋಮೀಟರಿಗೆ ಮಿಕ್ಕಿದ ಆ ದಾರಿಯಲ್ಲಿ ಒಮ್ಮೆ ರಾಜ್ಯವನ್ನು ಬಿಟ್ಟು, ಮತ್ತೊಮ್ಮೆ ಅದೇ ರಾಜ್ಯವನ್ನು ಹೊಕ್ಕಬೇಕು. ಆಗಿನ್ನೂ ಕರ್ನಾಟಕದಲ್ಲಿ ಸೇವಾಸಿಂಧು ನೋಂದಣಿ ಜಾರಿಯಲ್ಲಿತ್ತು. ಎರಡು ಕಡೆ ನಿಂತು, ವಕೀಲರ ಗುರುತಿನ ಚೀಟಿ ತೋರಿಸಿ, ತಾಯಿಯ ಕಾಯಿಲೆಯನ್ನು ಒಮ್ಮೆ ಕನ್ನಡದಲ್ಲಿಯೂ ಒಮ್ಮೆ ತೆಲುಗಿನಲ್ಲಿಯೂ ವಿವರಿಸಿದೆ. ದೇವರ ದಯೆ, ಅದು ಹೃದಯದ ಬೇನೆಯಾಗಿರಲಿಲ್ಲ. ಆದರೆ ಬೆಳಗಿನ ಜಾವ ಹಿಂದಿರುಗುವಾಗ, ಬೇರೆಯವರ ಕಾರಿನ ಹಿಂಬದಿಯ ಸೀಟಿನಲ್ಲಿ ಮಂಡಿನೋವಿನಿಂದ ಕಾಲು ಮಡಿಸಲಾಗದೆ ಒರಗಿದ್ದ ಅವರನ್ನು ಕನ್ನಡಿಯಲ್ಲಿ ನೋಡುತ್ತ, ಇನ್ನು ವಾಹನವನ್ನು ಕೊಳ್ಳುವುದನ್ನು ಮುಂದೂಡಲಾಗದೆಂದು ನಿಶ್ಚಯಿಸಿದೆ.

ಅದೇ ಹೊತ್ತಿಗೆ ಕಿಯಾ ಸಂಸ್ಥೆಯ ಸೋನೆಟ್ ಬಂದಿತು. ಆಗಸ್ಟ್ 7ರಂದು ಅದನ್ನು ಪ್ರದರ್ಶಿಸಿದರು. ಸೆಪ್ಟೆಂಬರ್ 18ರಂದು ಬೆಲೆಯನ್ನು ಪ್ರಕಟಿಸಿದರು. ಆಗ ಆರಂಭದ ಬೆಲೆ 6.71 ಲಕ್ಷ ರೂಪಾಯಿ. ನಮ್ಮ ಕೋರ್ಟಿನ ಆವರಣದಲ್ಲಿ ಅಂದಿನಿಂದ ಇಂದಿನವರೆಗೆ ಈ ಗಾಡಿಯ ಮಾತಿಲ್ಲದ ಮಧ್ಯಾಹ್ನವಿಲ್ಲ. ಕಾರಣವೂ ಉಂಟು. ಇದು ತಯಾರಾಗುವುದು ಪೆನುಕೊಂಡ ಮಂಡಲದ ಎರ್ರಮಂಚಿಯಲ್ಲಿ. ಹಿಂದೂಪುರದಿಂದ ಹೆಚ್ಚೆಂದರೆ ಒಂದು ಗಂಟೆಯ ದಾರಿ. 2017ರ ಏಪ್ರಿಲಿನಲ್ಲಿ ಒಪ್ಪಂದಕ್ಕೆ ಸಹಿಯಾಯಿತು. 2019ರ ಜನವರಿಯಲ್ಲಿ ಪರೀಕ್ಷಾರ್ಥ ಉತ್ಪಾದನೆ ಆರಂಭವಾಯಿತು. ಆ ವರ್ಷದ ಆಗಸ್ಟಿನಲ್ಲಿ ಸೆಲ್ಟೋಸ್ ಹೊರಬಂದಿತು. 536 ಎಕರೆಯ ಕಾರ್ಖಾನೆ, ವರ್ಷಕ್ಕೆ ಮೂರು ಲಕ್ಷ ವಾಹನಗಳ ಸಾಮರ್ಥ್ಯ. ಕಡಲೆಕಾಯಿಯನ್ನೂ ಬರಗಾಲವನ್ನೂ ಬಿಟ್ಟು ಬೇರೆ ಸುದ್ದಿಯಿಲ್ಲದ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ಸೋನೆಟ್ ಕುರಿತು ಮಾತನಾಡುವಾಗ ನಮ್ಮವರ ಬಾಯಲ್ಲಿ 'ನಮ್ಮ ಗಾಡಿ' ಎಂಬ ಮಾತು ತಾನಾಗಿ ಬರುತ್ತದೆ.

ಅಭಿಮಾನ ಒಳ್ಳೆಯದೇ. ಆದರೆ ಅದಕ್ಕೆ ರಿಯಾಯಿತಿ ಇಲ್ಲ. ಪ್ರಕಟವಾದದ್ದು ದೇಶಕ್ಕೆಲ್ಲ ಒಂದೇ ಬೆಲೆ. "ಕಾರ್ಖಾನೆಯ ನೆರೆಯವರಿಗೆ ಸಾಗಾಣಿಕೆಯ ಖರ್ಚಾದರೂ ಕಡಿಮೆಯಾಗಬೇಡವೇ?" ಎಂದು ಅನಂತಪುರದ ಮಾರಾಟಗಾರ ಹುಡುಗನನ್ನು ಕೇಳಿದೆ. "ಸಾರ್, ಡೆಲ್ಲಿಯವರಿಗೂ ಇದೇ, ನಿಮಗೂ ಇದೇ" ಎಂದು ನಕ್ಕ. ಅಲ್ಲಿಗೆ ಊರಿನ ಅಭಿಮಾನವನ್ನು ಬದಿಗಿಟ್ಟು, ಕಡತವನ್ನು ಓದುವಂತೆ ಗಾಡಿಯನ್ನು ಓದಲು ಕುಳಿತೆ.

ಮೊದಲು ಉದ್ದ. ಸೋನೆಟ್ 3,995 ಮಿಲಿಮೀಟರ್ ಉದ್ದವಿದೆ. ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಡಿಮೆ. ಇದು ಶಿಲ್ಪಿಯ ಅಳತೆಯಲ್ಲ, ತೆರಿಗೆಯ ಅಳತೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಿದಾಗ, ಸಣ್ಣ ಕಾರೆಂದರೆ ನಾಲ್ಕು ಮೀಟರಿನೊಳಗಿನದು ಎಂಬ ಗೆರೆ ಬಿದ್ದಿತು. ಜಿಎಸ್‌ಟಿ ಬಂದಮೇಲೂ ಆ ಗೆರೆ ಉಳಿದಿದೆ. 2020ರಲ್ಲಿ ನಾಲ್ಕು ಮೀಟರಿನೊಳಗೆ, 1,200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಆದರೆ ಶೇಕಡ 28 ತೆರಿಗೆಯ ಮೇಲೆ 1 ಸೆಸ್ ಇತ್ತು. 1,500 ಸಿಸಿ ಮೀರದ ಡೀಸೆಲ್ ಆದರೆ 28ರ ಮೇಲೆ 3 ಇತ್ತು. ಗೆರೆ ದಾಟಿದ ದೊಡ್ಡ ಎಸ್‌ಯುವಿಗಳಿಗೆ ಒಟ್ಟು ಶೇಕಡ 50 ಇತ್ತು. ಈ ಗೆರೆಯೊಳಗೆ ಎತ್ತರದ ನಿಲುವು, ಅಗಲದ ಮುಖ, 392 ಲೀಟರಿನ ಡಿಕ್ಕಿ ಎಲ್ಲವನ್ನೂ ತುರುಕಿದ ಮೇಲೆ ಸ್ಥಳ ಎಲ್ಲಿಂದಲಾದರೂ ಕಡಿಮೆಯಾಗಲೇಬೇಕಲ್ಲವೇ? ಕಡಿಮೆಯಾದದ್ದು ಹಿಂಬದಿಯ ಸೀಟಿನಲ್ಲಿ. ಮುಂದಿನ ಸೀಟನ್ನು ನನ್ನ ಎತ್ತರಕ್ಕೆ ಹೊಂದಿಸಿ, ಹಿಂದೆ ಹೋಗಿ ಕುಳಿತಾಗ ಮಂಡಿಗೆ ಉಳಿದದ್ದು ಅಲ್ಪ ಜಾಗ. ತಾಯಿಯವರಿಗಾಗಿ ಕೊಳ್ಳುವ ಗಾಡಿಯಲ್ಲಿ ಇದೇ ಮೊದಲ ಅಡ್ಡಿ.

ಎಂಜಿನ್ನಿನ ವಿಷಯ ಬೇಗ ಮುಗಿಸಬಹುದು. 1.2 ಲೀಟರ್ ಪೆಟ್ರೋಲ್, 83 ಪಿಎಸ್ ಶಕ್ತಿಯದು, ಒಂದು ಲೀಟರಿನ ಟರ್ಬೊ, ಅದರಲ್ಲಿ ಕ್ಲಚ್ ಇಲ್ಲದೆ ಗೇರ್ ಬದಲಿಸುವ ಹೊಸ ವ್ಯವಸ್ಥೆ, ಮೂರನೆಯದು 1.5 ಲೀಟರ್ ಡೀಸೆಲ್. ಟರ್ಬೊ ಆಗ 9.49 ಲಕ್ಷದಿಂದ ಆರಂಭವಾಗುತ್ತಿದ್ದುದರಿಂದ ನನ್ನ ಲೆಕ್ಕಕ್ಕೆ ಬರಲಿಲ್ಲ. ಡೀಸೆಲ್ ಬಗ್ಗೆ ನಮ್ಮ ಕಡೆ ಮೋಹ ಹೆಚ್ಚು. ಆದರೆ ಆಗ ಒಂದೇ ದರ್ಜೆಯ ಪೆಟ್ರೋಲ್ ಗಾಡಿಗೆ 6.71 ಲಕ್ಷ, ಡೀಸೆಲ್ ಗಾಡಿಗೆ 8.05 ಲಕ್ಷ ಇತ್ತು. ತೆರಿಗೆ ಸೇರಿದರೆ ಒಂದೂವರೆ ಲಕ್ಷದ ಅಂತರ. ಕಂಪನಿ ಹೇಳುವ ಮೈಲೇಜನ್ನೇ ನಂಬಿ ಪೆಟ್ರೋಲಿಗೆ ಲೀಟರಿಗೆ 18.4, ಡೀಸೆಲಿಗೆ 24.1 ಕಿಲೋಮೀಟರ್ ಎಂದುಕೊಂಡು, ಆಗಿನ ಲೀಟರಿನ ಬೆಲೆಯನ್ನು 84 ಮತ್ತು 75 ರೂಪಾಯಿ ಎಂದು ಹಿಡಿದರೆ, ಕಿಲೋಮೀಟರಿಗೆ ಉಳಿಯುವುದು ಒಂದೂವರೆ ರೂಪಾಯಿಯೊಳಗೆ. ಅಂದರೆ ಒಂದು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಹಾಕಿದ ಹಣ ಹಿಂದಿರುಗೀತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ನನ್ನಂಥವನಿಗೆ ಅದು ಎಂಟು ವರ್ಷಗಳ ಮಾತು. ದಿನವೂ ಬೆಂಗಳೂರಿಗೆ ಹೋಗಿಬರುವ ರೇಷ್ಮೆ ವ್ಯಾಪಾರಿಗಳ ಲೆಕ್ಕ ಬೇರೆಯಿದ್ದೀತು. (ಇಂಧನ ತುಂಬಿಸುವುದಂತೂ ಗೌರಿಬಿದನೂರಿನ ಕಡೆಯೋ ಪಾವಗಡದ ಕಡೆಯೋ ಎಂಬುದು ಗಡಿಯ ಎಲ್ಲರೂ ಬಲ್ಲ ಅರ್ಥಶಾಸ್ತ್ರ.)

ಅತ್ಯಂತ ಅಗ್ಗದ ಎಚ್‌ಟಿಇ ಮಾದರಿ ಜಾಹೀರಾತಿನ ಬೆಲೆಗಾಗಿ ಇರುವುದು. ಅದರ ಮೇಲಿನ ಎಚ್‌ಟಿಕೆ ಆಗ 7.59 ಲಕ್ಷದ್ದಾಗಿತ್ತು; ಮನೆಯ ಬಳಕೆಗೆ ಅದು ಸಾಕು. ಎರಡರಲ್ಲಿಯೂ ಮುಂದೆ ಎರಡು ಏರ್‌ಬ್ಯಾಗ್, ಎಬಿಎಸ್ ಇದ್ದವು. ಆರು ಏರ್‌ಬ್ಯಾಗ್ ಬೇಕೆಂದರೆ ಆಗ ಮೇಲ್ತುದಿಯ ಮಾದರಿಗೆ ಹೋಗಬೇಕಾಗಿತ್ತು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಬೇಕು. ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಗಳನ್ನು ನಡೆಸುವವನಿಗೆ ಕಾರಿನ ಬಣ್ಣಕ್ಕಿಂತ ಗಾಯದ ಪ್ರಮಾಣಪತ್ರಗಳು ಹೆಚ್ಚು ನೆನಪಿನಲ್ಲಿರುತ್ತವೆ. ಹೆದ್ದಾರಿಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಗುದ್ದಿದ ಕಾರುಗಳ ಮಹಜರುಗಳನ್ನು ಓದಿ ಓದಿ, ಗಟ್ಟಿ ಕಾಣುವ ಗಾಡಿಗೂ ಗಟ್ಟಿಯಾಗಿರುವ ಗಾಡಿಗೂ ಇರುವ ಅಂತರ ತಿಳಿದಿದೆ. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಟಾಟಾ ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಐದು ನಕ್ಷತ್ರ ಪಡೆಯಿತು; ಮಹೀಂದ್ರ ಎಕ್ಸ್‌ಯುವಿ 300 2020ರ ಜನವರಿಯಲ್ಲಿ ಪಡೆಯಿತು. ಸೋನೆಟ್‌ನ ಪರೀಕ್ಷೆಯ ಫಲಿತಾಂಶ ಆಗಿನ್ನೂ ಪ್ರಕಟವಾಗಿರಲಿಲ್ಲ. ಇದು ಅದರ ಮೇಲಿನ ಆರೋಪವಲ್ಲ, ಸಾಕ್ಷ್ಯದ ಅಭಾವ. ಆದರೆ ಸಾಕ್ಷ್ಯವಿರುವ ಗಾಡಿ ಹೆಚ್ಚುಕಡಿಮೆ ಅದೇ ಬೆಲೆಗೆ ಪಕ್ಕದಲ್ಲಿಯೇ ನಿಂತಿರುವಾಗ ಆ ಅಭಾವವನ್ನು ಗಣಿಸದಿರಲಾಗದು.

ಇನ್ನು ನಮ್ಮವರು ಹೆಚ್ಚು ಎಡವುವ ಸಂಗತಿ: ಎಲ್ಲಿ ಕೊಳ್ಳುವುದು, ಎಲ್ಲಿ ನೋಂದಾಯಿಸುವುದು. ಬೆಂಗಳೂರಿನಲ್ಲಿ ಭಾವಮೈದುನನ ವಿಳಾಸ ಕೊಟ್ಟು 'ಕೆಎ' ಫಲಕ ಹಾಕಿಸಿಕೊಂಡರೆ ಬೆಂಗಳೂರಿನಲ್ಲಿ ಪೊಲೀಸರು ತಡೆಯುವುದಿಲ್ಲ, ಖರ್ಚೂ ಕಡಿಮೆ ಎಂಬ ಸಲಹೆ ನನಗೂ ಬಂದಿತು. ಸಲಹೆಯ ಎರಡನೆಯ ಭಾಗ ತಪ್ಪು. 2020ರಲ್ಲಿ ಹತ್ತು ಲಕ್ಷದೊಳಗಿನ ಕಾರಿಗೆ ಆಂಧ್ರದಲ್ಲಿ ಜೀವಿತಾವಧಿ ತೆರಿಗೆ ಶೇಕಡ 12 ಇತ್ತು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಶೇಕಡ 14 ಇತ್ತು, ಅದರ ಮೇಲೆ ಸೆಸ್ ಬೇರೆ. 7.59 ಲಕ್ಷದ ಗಾಡಿಗೆ ಆಗ ಇಲ್ಲಿ 91 ಸಾವಿರ, ಅಲ್ಲಿ ಸೆಸ್ ಬಿಟ್ಟೇ ಒಂದು ಲಕ್ಷದ ಆರು ಸಾವಿರ.

ಮೊದಲ ಭಾಗ ಇನ್ನೂ ತಪ್ಪು. 1988ರ ಮೋಟಾರು ವಾಹನಗಳ ಅಧಿನಿಯಮದ 40ನೆಯ ಪ್ರಕರಣದ ಪ್ರಕಾರ, ಮಾಲೀಕನ ವಾಸ ಅಥವಾ ವ್ಯವಹಾರದ ಸ್ಥಳ ಎಲ್ಲಿದ್ದು ವಾಹನವನ್ನು ಸಾಮಾನ್ಯವಾಗಿ ಎಲ್ಲಿ ಇರಿಸುತ್ತಾನೋ ಅಲ್ಲಿ ನೋಂದಣಿಯಾಗಬೇಕು. 47ನೆಯ ಪ್ರಕರಣ, ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗೂ ಮೀರಿ ಇಲ್ಲಿ ಇರಿಸಿದರೆ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕೆನ್ನುತ್ತದೆ. ಆಗ ಇಲ್ಲಿಯೂ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ಹಿಂಪಡೆಯಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನನ್ನ ಕಕ್ಷಿದಾರರೊಬ್ಬರು ಹೀಗೆ ಅಲೆದು, ಕೊನೆಗೆ ಆ ಹಣವನ್ನೇ ಕೈಬಿಟ್ಟರು. ವಾಹನವನ್ನು ಬೆಂಗಳೂರಿನಲ್ಲಿ ಕೊಳ್ಳುವುದು ತಪ್ಪಲ್ಲ. ತಾತ್ಕಾಲಿಕ ನೋಂದಣಿಯಲ್ಲಿ ತಂದು ಇಲ್ಲಿ ಕಾಯಂ ಮಾಡಿಸಬಹುದು. ಸುಳ್ಳು ವಿಳಾಸ ಮಾತ್ರ ಬೇಡ. ಹೇಗೂ 2019ರಲ್ಲಿ ಆಂಧ್ರಕ್ಕೆಲ್ಲ 39 ಒಂದೇ ಸಂಖ್ಯೆಯಾಯಿತು. ಅನಂತಪುರದ ಹಳೆಯ 02 ನೋಡಿ 'ಓ, ಗಡಿಯವರು' ಎಂದು ಗುರುತಿಸುವ ಕಾಲ ಮುಗಿಯಿತು.

ದೂರದಲ್ಲಿ ಕೊಂಡವರಿಗೆ 2020ರಲ್ಲಿ ಕಾನೂನು ಒಂದು ಉಪಕಾರವನ್ನೂ ಮಾಡಿತು. ಆ ವರ್ಷದ ಜುಲೈ 20ರಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 34ನೆಯ ಪ್ರಕರಣದಡಿ, ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕೊಂಡ ಗಾಡಿ ಕೆಟ್ಟರೆ ಅನಂತಪುರದಲ್ಲಿಯೇ ಕೇಳಬಹುದು. ಹಳೆಯ ಕಾನೂನಿನಲ್ಲಿ ಈ ಸೌಕರ್ಯವಿಲ್ಲದೆ ಎಷ್ಟು ಜನ ಬಸ್ಸಿನ ಖರ್ಚಿಗೆ ಹೆದರಿ ಸುಮ್ಮನಾದರೆಂಬುದನ್ನು ಬಲ್ಲೆ.

ವಿಮೆಯಲ್ಲಿಯೂ ಎಚ್ಚರಿಕೆ ಬೇಕು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆಯನ್ನೂ ಮೂರು ವರ್ಷಕ್ಕೆ ಸೇರಿಸಿ ಮಾರುವ ಪದ್ಧತಿಯನ್ನು ವಿಮಾ ಪ್ರಾಧಿಕಾರ 2020ರ ಆಗಸ್ಟ್ 1ರಿಂದ ಹಿಂತೆಗೆದುಕೊಂಡಿತು. ಅದನ್ನು ಒಂದು ವರ್ಷಕ್ಕೆ, ನಿಮಗೆ ಬೇಕಾದ ಕಂಪನಿಯಿಂದ ಕೊಳ್ಳಿರಿ. ಆದರೆ ವರ್ಷ ತುಂಬಿದಾಗ ನವೀಕರಿಸಲು ಮರೆಯಬೇಡಿರಿ. ಮೂರು ವರ್ಷದ ಕಾಗದವಿದೆಯೆಂಬ ಭ್ರಮೆಯಲ್ಲಿ ಎರಡನೆಯ ವರ್ಷ ಸ್ವಂತ ಗಾಡಿ ಜಖಂಗೊಂಡಾಗ ಬಿಡಿಗಾಸೂ ದೊರೆಯದು.

ಕೊನೆಯದು ಸಾಲ; ನನ್ನ ನಿದ್ದೆ ಕೆಡಿಸಿದ್ದೂ ಅದೇ. ತೆರಿಗೆ, ವಿಮೆ ಸೇರಿ ಎಚ್‌ಟಿಕೆ ಆಗ ಒಂಬತ್ತು ಲಕ್ಷದ ಸಮೀಪಕ್ಕೆ ಬರುತ್ತಿತ್ತು. ಕೈಯಲ್ಲಿರುವುದು ನಾಲ್ಕು. ಮಗಳ ಕಾಲೇಜಿಗೆಂದು ಇಟ್ಟ ಠೇವಣಿಯನ್ನು ಮುಟ್ಟುವುದಿಲ್ಲವೆಂದು ಮನೆಯಲ್ಲಿ ಮಾತಾಗಿದೆ. ಉಳಿದ ಐದು ಲಕ್ಷಕ್ಕೆ ಶೇಕಡ 8.5ರ ಬಡ್ಡಿಯೆಂದರೆ, ಐದು ವರ್ಷಕ್ಕೆ ತಿಂಗಳ ಕಂತು 10,258 ರೂಪಾಯಿ. "ಏಳು ವರ್ಷ ಮಾಡಿ ಸಾರ್, ಎಂಟು ಸಾವಿರದೊಳಗೆ ಮುಗಿಯುತ್ತದೆ" ಎಂದ ಅದೇ ಹುಡುಗ. ಹೌದು, 7,918. ಆದರೆ ಒಟ್ಟು ಬಡ್ಡಿ ಒಂದು ಲಕ್ಷದ ಹದಿನೈದು ಸಾವಿರದಿಂದ ಒಂದು ಲಕ್ಷದ ಅರವತ್ತೈದು ಸಾವಿರಕ್ಕೆ ಏರುತ್ತದೆ. ಆ ಐವತ್ತು ಸಾವಿರವನ್ನು ಅವನು ಹೇಳಲಿಲ್ಲ. ನಾನೂ ಕೇಳದಿದ್ದರೆ ತಿಳಿಯುತ್ತಿರಲಿಲ್ಲ.

2020ರ ಮಾರ್ಚಿನಿಂದ ಆಗಸ್ಟಿನವರೆಗೆ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ನನ್ನ ಗೃಹಸಾಲದ ಕಂತನ್ನೂ ಮುಂದೂಡಿದೆ. ಬಡ್ಡಿ ಮಾತ್ರ ಮುಂದೂಡಲ್ಪಡದೆ ಬೆಳೆಯಿತು. ಎರಡು ಕೋಟಿಯವರೆಗಿನ ಸಾಲಗಳ ಬಡ್ಡಿಯ ಮೇಲಿನ ಬಡ್ಡಿಯನ್ನು ತಾನು ಭರಿಸುವುದಾಗಿ ಕೇಂದ್ರ ಸರ್ಕಾರ 2020ರ ಅಕ್ಟೋಬರ್ ಆರಂಭದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಅನೇಕರು ಇದನ್ನು ಆರು ತಿಂಗಳ ಬಡ್ಡಿಯೇ ಮನ್ನಾ ಎಂದು ತಿಳಿದು, ಆ ಧೈರ್ಯದಲ್ಲಿ ಹೊಸ ಸಾಲಕ್ಕೆ ಕೈ ಹಾಕುತ್ತಿದ್ದರು. ಹಾಗಲ್ಲ. ಮನ್ನಾ ಆಗಬಹುದಾದದ್ದು ಬಡ್ಡಿಯಲ್ಲ, ಬಡ್ಡಿಯ ಮೇಲಿನ ಬಡ್ಡಿ. ನನ್ನ ಲೆಕ್ಕದಲ್ಲಿ ಅದು ಕೆಲವು ನೂರು ರೂಪಾಯಿಗಳ ಮಾತು.

ಸಾಲದ ಪತ್ರಗಳು ಇಂಗ್ಲಿಷಿನಲ್ಲಿರುತ್ತವೆ, ವಿವರಣೆ ತೆಲುಗಿನಲ್ಲಿ, ಸಹಿ ನಮ್ಮ ಕನ್ನಡದಲ್ಲಿ. ಅವಧಿಗೆ ಮುನ್ನ ತೀರಿಸಿದರೆ ದಂಡವೆಷ್ಟು ಎಂಬ ಒಂದು ಸಾಲನ್ನು ಬೆರಳಿಟ್ಟು ತೋರಿಸುವಂತೆ ಕೇಳಿರಿ. ತೀರಿದ ದಿನ ಬ್ಯಾಂಕಿನ ನಿರಾಕ್ಷೇಪಣಾ ಪತ್ರವನ್ನೂ ನಮೂನೆ 35ನ್ನೂ ಪಡೆದು ಸಾರಿಗೆ ಕಚೇರಿಯಲ್ಲಿ ಬ್ಯಾಂಕಿನ ಹೆಸರನ್ನು ತೆಗೆಸಿರಿ. ಗಾಡಿಯನ್ನು ಮಾರುವಾಗ ಈ ಒಂದು ಕಾಗದವಿಲ್ಲದೆ ನನ್ನ ಕಚೇರಿಗೆ ಬಂದವರು ಒಬ್ಬಿಬ್ಬರಲ್ಲ.

ಆಯುಧಪೂಜೆಗೆ ಗಾಡಿ ಮನೆಗೆ ಬರಲೆಂದು ಮಗಳ ಆಸೆ. ಕೋರ್ಟುಗಳು ಪೂರ್ಣವಾಗಿ ತೆರೆದು ಮೂರು ತಿಂಗಳ ಸಂಪಾದನೆಯನ್ನು ಕಂಡ ಮೇಲೆ ಸಾಲವೆಂದು ನನ್ನ ನಿಲುವು. ಅಲ್ಲಿಯವರೆಗೆ ಸಹೋದ್ಯೋಗಿಯ ಕಾರನ್ನು ಬೇಡಬೇಕಾಗಿ ಬಂದರೆ ಬೇಡುವೆ. ಬರುವ ಗುರುವಾರ ಸೋನೆಟ್ ಗಾಡಿಯೊಂದನ್ನು ಮನೆಬಾಗಿಲಿಗೆ ತರಿಸುವುದಾಗಿ ಆ ಹುಡುಗ ಒಪ್ಪಿದ್ದಾನೆ. ಮರುದಿನ ನೆಕ್ಸಾನ್ ಬರಲಿದೆ. ತಾಯಿಯವರು ಈಗ ನಮ್ಮಲ್ಲಿಯೇ ಇದ್ದಾರೆ. ಎರಡರಲ್ಲಿಯೂ ಹಿಂದೆ ಕುಳಿತು, ಪರಿಗಿಯವರೆಗೆ ಹೋಗಿಬಂದು, ಯಾವುದರಲ್ಲಿ ಮಂಡಿ ನೋಯಲಿಲ್ಲವೆಂದು ಹೇಳುವ ಕೆಲಸವನ್ನು ಅವರಿಗೆ ಒಪ್ಪಿಸಿದ್ದೇನೆ. "ಯಾವ್ದಾದ್ರೂ ಆಗ್ಲಿ ಬಿಡಪ್ಪ, ಹತ್ತೋದಕ್ಕೆ ಮಾತ್ರ ಎತ್ತರ ಜಾಸ್ತಿ ಇರ್ಬಾರ್ದು" ಎಂದಿದ್ದಾರೆ. ನೆಲದಿಂದ ಸೀಟಿನ ಎತ್ತರವೆಷ್ಟೆಂದು ಎರಡು ಕಂಪನಿಗಳ ಪುಸ್ತಿಕೆಗಳಲ್ಲಿಯೂ ಹುಡುಕಿದೆ, ಸಿಗಲಿಲ್ಲ. ಗುರುವಾರ ಟೇಪು ಹಿಡಿದು ನಾನೇ ಅಳೆಯಬೇಕು.